ಕುಳಿತ ಕೊಂಬೆಯನ್ನು ಕಡಿದ ಮುಖ್ಯಮಂತ್ರಿ

ತಾನು ಕುಳಿತ ಕೊಂಬೆಯನ್ನು ತಾನೇ ಕಡಿಯುತ್ತಿದ್ದ ದಡ್ಡನೊಬ್ಬನು ಮುಂದೆ ಕಾಳಿಯ ಕೃಪೆಯಿಂದ ಮಹಾಕವಿಯಾದನೆಂಬ ಕಥೆಯನ್ನು ಕೇಳದ ಮಕ್ಕಳಿಲ್ಲ. ರಾಜಕೀಯದಲ್ಲಿ ಅಂಥವರು ಬಹಳ ಅಪರೂಪ. ಅಲ್ಲಿ ಕೊಂಬೆಯ ಮೇಲೆ ಕುಳಿತವನು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದೇ ವಾಡಿಕೆ. ಕಡಿಯುವುದಾದರೆ ಪಕ್ಕದವನು ಕುಳಿತ ಕೊಂಬೆಯನ್ನು ಮಾತ್ರ. ಆದರೆ ಕನ್ನಡನಾಡಿನ ಇತಿಹಾಸದಲ್ಲಿ, ತಾನು ಆಳುವ ರಾಜ್ಯವು ರಾಜ್ಯವಾಗಿ ಉಳಿಯಬಾರದು, ದೊಡ್ಡ ನಾಡಿನಲ್ಲಿ ಬೆರೆಯಬೇಕು ಎಂಬ ಪಕ್ಷದ ಮುಂದಾಳಾಗಿ ಚುನಾವಣೆಯನ್ನು ಗೆದ್ದು, ನಾಲ್ಕು ವರ್ಷ ಏಳು ತಿಂಗಳ ಕಾಲ ಆಳಿ, ಕೊನೆಗೆ ತನ್ನ ಪದವಿಯೊಡನೆ ತನ್ನ ರಾಜ್ಯವನ್ನೂ ಒಪ್ಪಿಸಿಕೊಟ್ಟ ಮುಖ್ಯಮಂತ್ರಿಯೊಬ್ಬರಿದ್ದಾರೆ. ಅವರೇ ಕೊಡಗು ರಾಜ್ಯದ ಮೊದಲ ಮುಖ್ಯಮಂತ್ರಿ, ಮತ್ತು ಕೊನೆಯ ಮುಖ್ಯಮಂತ್ರಿ, ಶ್ರೀ ಚೆಪ್ಪುಡೀರ ಮುತ್ತಣ್ಣ ಪೂಣಚ್ಚನವರು.

ಆ ಕೊಂಬೆ ಬಿದ್ದ ಮೇಲೆ ಪೂಣಚ್ಚನವರು ಬೀಳಲಿಲ್ಲ. ಅವರು ಭಾರತದ ರೈಲ್ವೆ ಮಂತ್ರಿಗಳಾದರು. ಎರಡು ರಾಜ್ಯಗಳಿಗೆ ರಾಜ್ಯಪಾಲರಾದರು. ಆದರೆ ಕೊಂಬೆಯಲ್ಲಿ ಗೂಡು ಕಟ್ಟಿಕೊಂಡಿದ್ದ ಇತರರಿಗೇನಾಯಿತು? ಕೊಡಗಿನಲ್ಲಿ ಈ ಪ್ರಶ್ನೆಯು ಇಂದಿಗೂ ಸಂಪೂರ್ಣವಾಗಿ ತಣ್ಣಗಾಗಿಲ್ಲ. ಅವರ ಜೀವನವನ್ನು ಹಿಂದಿರುಗಿ ನೋಡುವಾಗ ಈ ಎರಡು ಮುಖಗಳನ್ನೂ ನೋಡಬೇಕಾಗುತ್ತದೆ.

ಪುಟ್ಟ ನಾಡು, ಪ್ರತ್ಯೇಕ ನಾಡು

ಕೊಡಗಿನ ವಿಸ್ತೀರ್ಣ ಸುಮಾರು ೧,೫೮೦ ಚದರ ಮೈಲಿ. ೧೯೫೧ರ ಜನಗಣತಿಯ ವೇಳೆಗೆ ಅಲ್ಲಿದ್ದವರು ಸುಮಾರು ಎರಡೂಕಾಲು ಲಕ್ಷ ಜನ. ಇಷ್ಟು ಚಿಕ್ಕ ನಾಡು ಪ್ರತ್ಯೇಕವಾಗಿ ಉಳಿದುಬಂದುದಕ್ಕೆ ಚರಿತ್ರೆಯೇ ಕಾರಣ. ಹಾಲೇರಿ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರನನ್ನು ೧೮೩೪ರಲ್ಲಿ ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪೆನಿಯು, ಕೊಡಗನ್ನು ಪಕ್ಕದ ಮದರಾಸು ಪ್ರಾಂತಕ್ಕೂ ಸೇರಿಸಲಿಲ್ಲ, ಮೈಸೂರಿಗೂ ಕೊಡಲಿಲ್ಲ. ಚೀಫ್ ಕಮಿಷನರರ ಆಡಳಿತಕ್ಕೆ ಒಪ್ಪಿಸಿ ಬೇರೆಯಾಗಿಯೇ ಇಟ್ಟುಕೊಂಡಿತು. ೧೯೪೦ರ ವರೆಗೆ ಆ ಚೀಫ್ ಕಮಿಷನರರು ಬೆಂಗಳೂರಿನಲ್ಲಿದ್ದ ಮೈಸೂರು ರೆಸಿಡೆಂಟರೇ ಆಗಿದ್ದರು. ದಿನನಿತ್ಯದ ಆಡಳಿತ ಮಾತ್ರ ಮಡಿಕೇರಿಯಲ್ಲಿ ನಡೆಯುತ್ತಿತ್ತು.

ಬೇರೆಯಾಗಿದ್ದರೂ ಕೊಡಗು ಕನ್ನಡಕ್ಕೆ ಹೊರಗಾಗಿರಲಿಲ್ಲ. ಹಾಲೇರಿ ಅರಸರ ಬರೆವಣಿಗೆಯ ಭಾಷೆ ಕನ್ನಡ. ದೊಡ್ಡ ವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ ಕನ್ನಡದಲ್ಲಿದೆ. ಬ್ರಿಟಿಷರ ಕಾಲದಲ್ಲಿಯೂ ಶಾಲೆಗಳಲ್ಲಿ, ಕಚೇರಿಗಳಲ್ಲಿ ಕನ್ನಡ ನಡೆಯುತ್ತಿತ್ತು. ಮನೆಗಳೊಳಗೆ ಮಾತ್ರ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳಗಳೂ ಕೇಳಿಬರುತ್ತಿದ್ದವು. ಮುಂದೆ ಎದ್ದ ವಿವಾದದ ಬೀಜ ಇಲ್ಲಿಯೇ ಇತ್ತು. ಬರೆಯುವ ಭಾಷೆಯನ್ನು ನೋಡಿದರೆ ಕೊಡಗು ಕರ್ನಾಟಕದ ಅಂಗ. ಐನ್‌ಮನೆಯ ಬಾಗಿಲೊಳಗಿನ ಮಾತು, ಉಡುಪು, ಹಬ್ಬಹರಿದಿನ, ಜಮ್ಮಾ ಭೂಮಿಯ ಹಿಡುವಳಿ ಇವುಗಳನ್ನು ನೋಡಿದರೆ ಅದು ತನ್ನದೇ ಆದ ಒಂದು ಪ್ರಪಂಚ.

ಬೆಟ್ಟ ಇಳಿದ ವಿದ್ಯಾರ್ಥಿ

ಪೂಣಚ್ಚನವರು ಹುಟ್ಟಿದ್ದು ೧೯೧೦ರ ಆಗಸ್ಟ್ ೨೬ರಂದು. ಕೊಡವರ ಪದ್ಧತಿಯಂತೆ ಅವರ ಹೆಸರಿನಲ್ಲಿ ಮೊದಲು ಬರುವುದು ಒಕ್ಕದ, ಎಂದರೆ ಮನೆತನದ ಹೆಸರು ಚೆಪ್ಪುಡೀರ. ಆ ಮೇಲೆ ತಂದೆಯ ಹೆಸರು. ಕೊನೆಯಲ್ಲಿ ತಮ್ಮ ಹೆಸರು. ಒಬ್ಬ ಮನುಷ್ಯನನ್ನು ಗುರುತಿಸುವ ಮೊದಲು ಅವನ ಮನೆತನವನ್ನು ಗುರುತಿಸುವ ಸಮಾಜವದು.

ವಿರಾಜಪೇಟೆ ಮತ್ತು ಮಡಿಕೇರಿಗಳಲ್ಲಿ ಶಾಲೆಯ ಓದು ಮುಗಿದ ಬಳಿಕ ಅವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸೇರಿದರು. ಆ ಕಾಲದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಕೊಡಗಿನ ತರುಣರು ಬೆಟ್ಟ ಇಳಿಯಬೇಕಾಗಿತ್ತು. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದುದು ೧೯೪೯ರಲ್ಲಿ. ಬೆಟ್ಟ ಇಳಿದವರು ಕೆಳಗಿನ ಗಾಳಿಯನ್ನೂ ಉಸಿರಾಡುತ್ತಿದ್ದರು. ಅದು ಉಪ್ಪಿನ ಸತ್ಯಾಗ್ರಹದ ಗಾಳಿ ಬೀಸುತ್ತಿದ್ದ ಕಾಲ. ೧೯೩೦ರ ದಶಕದ ಆರಂಭದ ಕಾನೂನುಭಂಗ ಚಳವಳಿಯಲ್ಲಿ ಪೂಣಚ್ಚನವರು ಸೆರೆಮನೆ ಕಂಡರು. ವೈಯಕ್ತಿಕ ಸತ್ಯಾಗ್ರಹದಲ್ಲಿ ಮತ್ತೊಮ್ಮೆ, ೧೯೪೨ರ ಚಳವಳಿಯಲ್ಲಿ ಇನ್ನೊಮ್ಮೆ ಸೆರೆವಾಸ ಅನುಭವಿಸಿದರು.

ಕೊಡಗಿನಲ್ಲಿ ಇಂಥ ದಾರಿ ಹಿಡಿಯುವುದು ಸುಲಭವಾಗಿರಲಿಲ್ಲ. ಅಲ್ಲಿನ ಅನೇಕ ಮನೆತನಗಳ ಮಕ್ಕಳು ಸೈನ್ಯದಲ್ಲಿಯೂ ಸರ್ಕಾರದ ಉದ್ಯೋಗಗಳಲ್ಲಿಯೂ ಇದ್ದರು. ಕಾಫಿ ತೋಟಗಳ ಒಡೆತನದಲ್ಲಿ ಯೂರೋಪಿಯನರ ಪಾಲು ದೊಡ್ಡದಾಗಿತ್ತು. ಆದರೂ ೧೯೩೪ರಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದ ಸಂದರ್ಭದಲ್ಲಿ ಕೊಡಗಿಗೆ ಬಂದಾಗ ದೊರೆತ ಸ್ವಾಗತವು ಗಾಳಿ ಬೇರೆಯಾಗುತ್ತಿದೆಯೆಂಬುದನ್ನು ತೋರಿಸಿತು. ಕಥೆಗಾರ್ತಿ ಕೊಡಗಿನ ಗೌರಮ್ಮನವರು ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದ್ದು ಆಗಲೇ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಕಾಂಗ್ರೆಸ್ ಸಂಸ್ಥೆಯು ೧೯೨೦ರ ಸುಮಾರಿಗೆ ತನ್ನ ಪ್ರಾಂತಸಮಿತಿಗಳನ್ನು ಭಾಷೆಗನುಸಾರವಾಗಿ ರಚಿಸಿಕೊಂಡಾಗ, ಕೊಡಗು ಕರ್ನಾಟಕ ಪ್ರಾಂತಸಮಿತಿಗೆ ಸೇರಿತು. ಸರ್ಕಾರದ ನಕ್ಷೆಯಲ್ಲಿ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದುಹಂಚಿಹೋಗಿದ್ದ ಕನ್ನಡನಾಡು, ಸೆರೆಮನೆಗೆ ಹೋಗುವವರ ಪಟ್ಟಿಯಲ್ಲಿ ಮಾತ್ರ ಒಂದೇ ಆಗಿತ್ತು. ಯೌವನದ ವರ್ಷಗಳನ್ನೆಲ್ಲ ಆ ಸಂಸ್ಥೆಯಲ್ಲಿ ಕಳೆದ ಪೂಣಚ್ಚನವರಿಗೆ ಏಕೀಕರಣವೆಂಬುದು ಹೊಸದಾಗಿ ಒಪ್ಪಬೇಕಾದ ಮಾತಾಗಿರಲಿಲ್ಲ.

ಜೋಡೆತ್ತು ಮತ್ತು ತಕ್ಕಡಿ

೧೯೨೪ರಲ್ಲಿ ಆರಂಭವಾಗಿದ್ದ ಕೊಡಗು ಶಾಸನಸಭೆಗೆ ೧೯೪೫ರಲ್ಲಿ ಆಯ್ಕೆಯಾದ ಪೂಣಚ್ಚನವರು ಅಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾದರು. ಸ್ವತಂತ್ರ ಭಾರತದ ರಾಜ್ಯಾಂಗವನ್ನು ರಚಿಸಿದ ಸಭೆಯಲ್ಲಿ ಕೊಡಗಿಗಿದ್ದುದು ಒಂದೇ ಸ್ಥಾನ. ಆ ಸ್ಥಾನದಲ್ಲಿ ಕುಳಿತವರೂ ಅವರೇ. ರಾಜ್ಯಾಂಗವು ಜಾರಿಗೆ ಬಂದಾಗ ಕೊಡಗು ‘ಸಿ’ ವರ್ಗದ ರಾಜ್ಯವಾಯಿತು. ದಿಲ್ಲಿ, ಅಜ್ಮೀರ, ಭೋಪಾಲ, ಹಿಮಾಚಲ ಪ್ರದೇಶ ಮೊದಲಾದವು ಅದೇ ವರ್ಗದ ಅದರ ಒಡಹುಟ್ಟುಗಳು.

ಮೊದಲ ಮಹಾಚುನಾವಣೆಯಲ್ಲಿ ಕೊಡಗಿನ ವಿಧಾನಸಭೆಯ ೨೪ ಸ್ಥಾನಗಳಿಗೆ ಸ್ಪರ್ಧೆ ನಡೆಯಿತು. ಒಂದು ಕಡೆ ಪೂಣಚ್ಚನವರ ನಾಯಕತ್ವದ ಕಾಂಗ್ರೆಸ್. ಅದರ ಚಿಹ್ನೆ ಜೋಡೆತ್ತು. ಇನ್ನೊಂದು ಕಡೆ ಶ್ರೀ ಪಂದ್ಯಂಡ ಬೆಳ್ಯಪ್ಪನವರ ಬಣ. ಅದರ ಚಿಹ್ನೆ ತಕ್ಕಡಿ. ಜನರು ಆ ಬಣವನ್ನು ‘ತಕ್ಕಡಿ ಪಕ್ಷ’ವೆಂದೇ ಕರೆದರು. ಕೊಡಗನ್ನು ಮೈಸೂರಿನೊಡನೆ ಸೇರಿಸಬಾರದೆಂಬುದೇ ಅದರ ಮುಖ್ಯ ವಾದ.

ಬೆಳ್ಯಪ್ಪನವರನ್ನು ಬ್ರಿಟಿಷರ ಕಾಲದ ಸುಖವನ್ನು ನೆನೆದು ಕೊರಗುವ ಹಳೆಯ ಜಮೀನ್ದಾರರೆಂದು ಯಾರೂ ತಳ್ಳಿಹಾಕುವಂತಿರಲಿಲ್ಲ. ‘ಕೊಡಗು’ ಪತ್ರಿಕೆಯ ಸಂಪಾದಕರಾಗಿ ಜನರಲ್ಲಿ ಸ್ವಾತಂತ್ರ್ಯದ ಕಿಚ್ಚು ಹೊತ್ತಿಸಿದವರು, ಸೆರೆಮನೆ ಕಂಡವರು, ‘ಕೊಡಗಿನ ಗಾಂಧಿ’ಯೆಂದು ಹೆಸರು ಪಡೆದವರು ಅವರು. ಹೀಗಾಗಿ ೧೯೫೨ರ ಚುನಾವಣೆಯು ದೇಶಭಕ್ತರಿಗೂ ದೇಶದ್ರೋಹಿಗಳಿಗೂ ನಡೆದ ಹೋರಾಟವಾಗಿರಲಿಲ್ಲ. ಒಂದೇ ಧ್ವಜದ ಕೆಳಗೆ ನಡೆದಿದ್ದ ಇಬ್ಬರು, ತಮ್ಮ ನಾಡಿಗೆ ಯಾವುದು ಹಿತವೆಂಬ ಪ್ರಶ್ನೆ ಬಂದಾಗ ಬೇರೆ ಬೇರೆ ದಾರಿ ಹಿಡಿದರು.

ಎರಡು ವಾದಗಳಿಗೂ ತೂಕವಿತ್ತು. ಎರಡೂಕಾಲು ಲಕ್ಷ ಜನರ ನಾಡು ಮಹಾರಾಜ್ಯದಲ್ಲಿ ಸೇರಿದರೆ ಅದರ ದನಿ ಯಾರ ಕಿವಿಗೆ ಬಿದ್ದೀತು? ಜಮ್ಮಾ ಹಿಡುವಳಿಯ ಹಕ್ಕುಗಳೇನಾದಾವು? ಮನೆಬಾಗಿಲಲ್ಲಿದ್ದ ಸರ್ಕಾರವನ್ನು ಕಾಣಲು ಬೆಂಗಳೂರಿಗೆ ಹೋಗಬೇಕಾದೀತಲ್ಲ? ಇದು ತಕ್ಕಡಿಯವರ ಅಳಲು. ಚಿಕ್ಕ ರಾಜ್ಯವು ಎಲ್ಲದಕ್ಕೂ ದಿಲ್ಲಿಯ ಕೈ ನೋಡುತ್ತ ಎಷ್ಟು ದಿನ ಬಾಳೀತು? ಭಾಷೆಯಿಂದ, ವ್ಯಾಪಾರದಿಂದ, ಕಾವೇರಿಯ ನೀರಿನಿಂದ ಈಗಾಗಲೇ ಕೂಡಿಕೊಂಡಿರುವ ನಾಡುಗಳ ನಡುವೆ ಗಡಿಕಲ್ಲು ಏತಕ್ಕೆ? ಇದು ಕಾಂಗ್ರೆಸಿಗರ ವಾದ.

ಮತ ಎಣಿಸಿದಾಗ ಕಾಂಗ್ರೆಸಿಗೆ ೧೫, ತಕ್ಕಡಿಗೆ ೯ ಸ್ಥಾನಗಳು ಬಂದಿದ್ದವು. ಬಹುಮತ ಸ್ಪಷ್ಟವಾಗಿತ್ತು, ಆದರೆ ಇನ್ನೊಂದು ತಟ್ಟೆಯೂ ಬರಿದಾಗಿರಲಿಲ್ಲ.

ಇಬ್ಬರು ಮಂತ್ರಿಗಳ ಸರ್ಕಾರ

೧೯೫೨ರ ಮಾರ್ಚ್ ೨೭ರಂದು ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಆಗ ಅವರ ವಯಸ್ಸು ೪೧. ಮಂತ್ರಿಮಂಡಲದಲ್ಲಿ ಇದ್ದವರು ಇಬ್ಬರೇ: ಮುಖ್ಯಮಂತ್ರಿಗಳು ಮತ್ತು ಶನಿವಾರಸಂತೆಯಿಂದ ಗೆದ್ದು ಬಂದಿದ್ದ ಗೃಹಮಂತ್ರಿ ಶ್ರೀ ಕೆ. ಮಲ್ಲಪ್ಪನವರು. ಒಂದು ರಾಜ್ಯದ ಮಂತ್ರಿಮಂಡಲವು ಒಂದೇ ಮೋಟಾರಿನಲ್ಲಿ ಕುಳಿತು ಹೋಗಬಹುದಾಗಿದ್ದ ಕಾಲವದು!

ಆದರೆ ಇಬ್ಬರ ಮೇಲೆ ಮೂರನೆಯವರೊಬ್ಬರಿದ್ದರು. ‘ಸಿ’ ವರ್ಗದ ರಾಜ್ಯಗಳಲ್ಲಿ ಕೇಂದ್ರಸರ್ಕಾರದ ಪ್ರತಿನಿಧಿಯಾದ ಚೀಫ್ ಕಮಿಷನರರ ಕೈ ಗಟ್ಟಿಯಾಗಿತ್ತು. ವಿಧಾನಸಭೆಯು ಅಂಗೀಕರಿಸಿದ ಮಸೂದೆಯೂ ರಾಷ್ಟ್ರಪತಿಗಳ ಒಪ್ಪಿಗೆಗಾಗಿ ಕಾಯಬೇಕಾಗಿತ್ತು. ಕೊಡಗಿನಲ್ಲಿ ಆ ಸ್ಥಾನದಲ್ಲಿ ೧೯೫೦ರಿಂದ ೧೯೫೬ರ ವರೆಗೆ ಇದ್ದವರು ಶ್ರೀ ದಯಾಸಿಂಗ್ ಬೇಡಿಯವರು. ಮನೆಯ ಯಜಮಾನಿಕೆ ಸಿಕ್ಕಿದ್ದರೂ ಉಗ್ರಾಣದ ಬೀಗದಕೈ ಮಾವನವರ ಬಳಿಯೇ ಉಳಿದ ಸೊಸೆಯ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಪ್ರತ್ಯೇಕ ರಾಜ್ಯವೆಂಬುದು ಹೊರಗಿನಿಂದ ಕಾಣುವಷ್ಟು ಸ್ವತಂತ್ರವಲ್ಲವೆಂಬ ಪಾಠವನ್ನು ಈ ಅನುಭವವು ನಿತ್ಯವೂ ಕಲಿಸುತ್ತಿತ್ತು.

ಆದರೂ, ಮುಗಿದುಹೋಗಲಿರುವ ರಾಜ್ಯವೆಂದು ಆ ಸರ್ಕಾರವು ಕೈಕಟ್ಟಿ ಕುಳಿತಿರಲಿಲ್ಲ. ಕೊಡಗು ರಾಜ್ಯವು ಕಣ್ಮರೆಯಾದ ವರ್ಷವಾದ ೧೯೫೬ರಲ್ಲಿಯೇ ಅದರ ಪಂಚಾಯತಿ ರಾಜ್ಯ ಕಾಯಿದೆ ಹೊರಬಂದಿತು. ರಾಜ್ಯಕ್ಕೆ ಆಯುಷ್ಯ ಉಳಿದಿರಲಿಲ್ಲ, ಹಳ್ಳಿಗಳಿಗೆ ಇತ್ತು.

ಕ್ರೀಟ್ ದ್ವೀಪದ ಒಂದು ಹೋಲಿಕೆ

ತನ್ನ ಚಿಕ್ಕ ನಾಡನ್ನು ದೊಡ್ಡ ನಾಡಿನಲ್ಲಿ ಸೇರಿಸಲು ದುಡಿದು, ಆ ದೊಡ್ಡ ನಾಡಿನಲ್ಲಿ ತಾನೂ ದೊಡ್ಡವನಾದ ನಾಯಕನ ಉದಾಹರಣೆಯು ಇತ್ತೀಚಿನ ಜಗತ್ತಿನ ಇತಿಹಾಸದಲ್ಲಿ ಇನ್ನೊಂದಿದೆ. ಅವನು ಗ್ರೀಸ್ ದೇಶದ ಎಲೆಫ್ಥೇರಿಯಸ್ ವೆನಿಜೆಲೋಸ್. ೧೮೬೪ರಲ್ಲಿ ಕ್ರೀಟ್ ದ್ವೀಪದಲ್ಲಿ ಹುಟ್ಟಿದ ಈತನ ನಾಡು ಆಗ ತುರ್ಕಿಯ ಸುಲ್ತಾನರ ಆಳ್ವಿಕೆಯಲ್ಲಿತ್ತು. ೧೮೯೮ರಲ್ಲಿ ಕ್ರೀಟ್‌ಗೆ ಸ್ವಯಮಾಡಳಿತ ದೊರೆತು, ವೆನಿಜೆಲೋಸ್ ಅಲ್ಲಿನ ನ್ಯಾಯಮಂತ್ರಿಯಾದನು. ಆದರೆ ಸ್ವಂತದೊಂದು ಪುಟ್ಟ ಸರ್ಕಾರ ಅವನಿಗೆ ಸಾಲದಾಯಿತು. ದ್ವೀಪವು ಗ್ರೀಸ್‌ನಲ್ಲಿ ಸೇರಬೇಕೆಂದು ಪಟ್ಟು ಹಿಡಿದು ೧೯೦೫ರಲ್ಲಿ ಥೆರಿಸೊ ಎಂಬ ಹಳ್ಳಿಯಲ್ಲಿ ಬಂಡೆದ್ದನು. ೧೯೧೦ರಲ್ಲಿ, ಪೂಣಚ್ಚನವರು ಹುಟ್ಟಿದ ವರ್ಷದಲ್ಲಿಯೇ, ಅವನು ಗ್ರೀಸ್‌ನ ಪ್ರಧಾನಮಂತ್ರಿಯಾದನು. ೧೯೧೩ರಲ್ಲಿ ಕ್ರೀಟ್ ಗ್ರೀಸ್‌ನಲ್ಲಿ ಸೇರಿತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ವೆನಿಜೆಲೋಸನ ದಾರಿಯಲ್ಲಿ ಬಂದೂಕುಗಳಿದ್ದವು. ಮೊದಲ ಮಹಾಯುದ್ಧದಲ್ಲಿ ಯಾರ ಪಕ್ಷ ಸೇರಬೇಕೆಂಬ ಬಗ್ಗೆ ಅವನಿಗೂ ದೊರೆಗೂ ಜಗಳ ಹುಟ್ಟಿ ಇಡೀ ದೇಶವೇ ಎರಡು ಹೋಳಾಯಿತು. ಕೊನೆಗೆ ಅವನು ಕಣ್ಮುಚ್ಚಿದ್ದು ೧೯೩೬ರಲ್ಲಿ, ಪರದೇಶದ ಪ್ಯಾರಿಸ್ ನಗರದಲ್ಲಿ. ಬಂದೂಕಿಗೆ ಪೂಜೆ ಸಲ್ಲಿಸುವ ಕೊಡಗಿನಲ್ಲಿಯಾದರೋ, ಅಂಥದೇ ಪ್ರಶ್ನೆಯನ್ನು ಮತಪೆಟ್ಟಿಗೆಯು ತೀರ್ಮಾನಿಸಿತು. ಇದು ಪೂಣಚ್ಚನವರಿಗೆ ಸಲ್ಲಬೇಕಾದಷ್ಟೇ ಗೌರವವನ್ನು ಬೆಳ್ಯಪ್ಪನವರಿಗೂ ಸಲ್ಲಿಸುವ ಸಂಗತಿ.

ನವೆಂಬರ್ ಒಂದು

೧೯೫೩ರ ಡಿಸೆಂಬರಿನಲ್ಲಿ ಭಾರತಸರ್ಕಾರವು ಫಜಲ್ ಆಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರೂ ಮತ್ತು ಕೆ. ಎಂ. ಪಣಿಕ್ಕರ್ ಅದರ ಇತರ ಸದಸ್ಯರು. ೧೯೫೫ರ ಸೆಪ್ಟೆಂಬರಿನಲ್ಲಿ ಒಪ್ಪಿಸಿದ ವರದಿಯಲ್ಲಿ ಆಯೋಗವು, ಕೊಡಗು ಕನ್ನಡ ರಾಜ್ಯದಲ್ಲಿ ಸೇರಬೇಕೆಂದು ಹೇಳಿತು. ೧೯೫೬ರ ಅಕ್ಟೋಬರ್ ೩೧ರಂದು ಕೊಡಗು ಸರ್ಕಾರದ ಕೊನೆಯ ದಿನವು ಮುಗಿಯಿತು. ಮರುದಿನ, ನವೆಂಬರ್ ೧ರಂದು, ವಿಶಾಲ ಮೈಸೂರು ರಾಜ್ಯವು ಉದಯವಾಯಿತು; ಕೊಡಗು ಅದರ ಒಂದು ಜಿಲ್ಲೆಯಾಯಿತು.

ಶ್ರೀ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಪೂಣಚ್ಚನವರು ಒಬ್ಬ ಮಂತ್ರಿಯಾದರು. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬ ಮುಖ್ಯಮಂತ್ರಿಯ ಕೈಕೆಳಗೆ ದುಡಿಯುವುದು ಮನಸ್ಸಿಗೆ ಹಗುರವಾದ ಮಾತಲ್ಲ. ಆದರೆ ಅದಕ್ಕೆ ಅವರು ಮೊದಲೇ ಸಿದ್ಧರಾಗಿಯೇ ಹೊರಟಿದ್ದರು. ೧೯೫೭ರ ಚುನಾವಣೆಯಲ್ಲಿ ವಿರಾಜಪೇಟೆಯ ಮತದಾರರು ಅವರನ್ನು ಹೊಸ ವಿಧಾನಸಭೆಗೆ ಆರಿಸಿ ಕಳುಹಿಸಿದರು. ರಾಜ್ಯವನ್ನು ಬಿಟ್ಟುಕೊಟ್ಟವರೆಂದು ಅವರನ್ನು ತವರುನಾಡು ಕೈಬಿಟ್ಟಿರಲಿಲ್ಲ.

ರೈಲಿಲ್ಲದ ನಾಡಿನ ರೈಲ್ವೆ ಮಂತ್ರಿ

ಅಲ್ಲಿಂದ ಮುಂದೆ ಅವರ ದಾರಿ ಬೆಂಗಳೂರನ್ನೂ ದಾಟಿ ಸಾಗಿತು. ಮೊದಲಿಗೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷತೆ. ೧೯೬೪ರಲ್ಲಿ ರಾಜ್ಯಸಭೆಯ ಸದಸ್ಯತ್ವ. ೧೯೬೬ರಲ್ಲಿ ಕೇಂದ್ರಸರ್ಕಾರದಲ್ಲಿ ಮಂತ್ರಿಪದವಿ. ೧೯೬೭ರಲ್ಲಿ ಅವರು ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಗೆದ್ದು ಬಂದರು. ಹಿಂದೆ ವಿದ್ಯಾರ್ಥಿಯಾಗಿ ಬೆಟ್ಟ ಇಳಿದು ಬಂದಿದ್ದ ಊರೇ ಅವರನ್ನು ದಿಲ್ಲಿಗೆ ಕಳುಹಿಸಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿ ಅವರಿಗೆ ರೈಲ್ವೆ ಖಾತೆ ದೊರೆಯಿತು.

ವಿಧಿಯ ವಿನೋದವೆಂದರೆ ಇದೇ! ಭಾರತದ ರೈಲುಗಳನ್ನೆಲ್ಲ ನಡೆಸುವ ಹೊಣೆ ಹೊತ್ತವರ ಹುಟ್ಟುನಾಡಿನಲ್ಲಿ ಒಂದು ಮೈಲಿ ಹಳಿಯೂ ಇರಲಿಲ್ಲ. ಮಂತ್ರಿಗಳು ಊರಿಗೆ ಹೋಗಬೇಕಾದರೆ ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ರೈಲಿಳಿದು ಮೋಟಾರನ್ನೇ ಹತ್ತಬೇಕಾಗಿತ್ತು. ೧೯೬೯ರ ಫೆಬ್ರವರಿಯವರೆಗೆ ಅವರು ಆ ಖಾತೆಯಲ್ಲಿದ್ದರು. ಹಾಸನ–ಮಂಗಳೂರು ರೈಲುದಾರಿಯ ಕೆಲಸವು ಆ ದಶಕದಲ್ಲಿಯೇ ನಡೆಯುತ್ತಿದ್ದು ೧೯೭೯ರಲ್ಲಿ ಮುಗಿಯಿತು. ಅದು ಹಾದುಹೋದುದು ಸಕಲೇಶಪುರದ ಮಾರ್ಗವಾಗಿ, ಕೊಡಗಿನೊಳಗೆ ಕಾಲಿಡಲಿಲ್ಲ. ಕೊಡಗಿನೊಳಗೆ ರೈಲು ಇಂದಿಗೂ ಬಂದಿಲ್ಲ. ಅದಕ್ಕೆ ಸರ್ಕಾರದ ಅಲಕ್ಷ್ಯವೊಂದೇ ಕಾರಣವೆನ್ನುವಂತಿಲ್ಲ. ಕಾಡು ಮತ್ತು ಕಾವೇರಿಯ ಜಲಮೂಲ ಹಾಳಾದಾವೆಂದು ರೈಲನ್ನು ಬೇಡವೆನ್ನುವವರು ಕೊಡಗಿನಲ್ಲಿಯೇ ಅನೇಕರಿದ್ದಾರೆ.

ರೈಲ್ವೆಯ ನಂತರ ೧೯೬೯ರಲ್ಲಿ ಅವರಿಗೆ ಉಕ್ಕು ಮತ್ತು ಭಾರೀ ಎಂಜಿನಿಯರಿಂಗ್ ಖಾತೆ ಬಂದಿತು. ೧೯೭೮ರಲ್ಲಿ ಅವರು ಮಧ್ಯಪ್ರದೇಶದ ರಾಜ್ಯಪಾಲರಾಗಿ ಭೋಪಾಲಕ್ಕೆ ಹೋದರು. ಆ ಭೋಪಾಲವೂ ೧೯೫೬ರ ವರೆಗೆ ಕೊಡಗಿನಂತೆಯೇ ‘ಸಿ’ ವರ್ಗದ ರಾಜ್ಯ. ಕೊಡಗು ಮೈಸೂರಿನಲ್ಲಿ ಸೇರಿದ ದಿನವೇ ಅದು ಮಧ್ಯಪ್ರದೇಶದಲ್ಲಿ ಸೇರಿತ್ತು. ಅಲ್ಲಿನ ಮುಖ್ಯಮಂತ್ರಿಯಾಗಿದ್ದ ಶಂಕರ ದಯಾಳ ಶರ್ಮರು ಮುಂದೆ ೧೯೯೨ರಲ್ಲಿ ರಾಷ್ಟ್ರಪತಿಗಳಾದರು. ಕಳೆದುಹೋದ ಎರಡು ಪುಟ್ಟ ರಾಜ್ಯಗಳ ಮುಖ್ಯಮಂತ್ರಿಗಳೂ ದೇಶದ ಉನ್ನತ ಪದವಿಗಳಿಗೆ ಏರಿದರು. ೧೯೮೦ರಿಂದ ೧೯೮೩ರ ವರೆಗೆ ಒರಿಸ್ಸಾದ ರಾಜ್ಯಪಾಲರಾಗಿ ಕೆಲಸ ಮಾಡಿದ ಪೂಣಚ್ಚನವರು ೧೯೯೦ರಲ್ಲಿ ನಿಧನ ಹೊಂದಿದರು.

ತೂಗಿ ನೋಡಿದರೆ

ತಕ್ಕಡಿ ಪಕ್ಷದವರ ಭಯಗಳಲ್ಲಿ ಎಷ್ಟು ನಿಜವಾದವು, ಎಷ್ಟು ಸುಳ್ಳಾದವು?

ಜಮ್ಮಾ ಹಿಡುವಳಿದಾರರಿಗೂ ಕೊಡವ ಜನಾಂಗಕ್ಕೂ ಬ್ರಿಟಿಷರ ಕಾಲದಿಂದ ಬಂದಿದ್ದ ಬಂದೂಕು ಪರವಾನಗಿಯ ವಿನಾಯಿತಿ ವಿಲೀನದಿಂದ ಅಳಿಯಲಿಲ್ಲ. ಅದು ಇಂದಿಗೂ ಉಳಿದಿದೆ. ಪುತ್ತರಿಯ ಕದಿರು, ಕೈಲ್‌ಪೊಳ್ದಿನ ಪೂಜೆ, ತಲಕಾವೇರಿಯ ತೀರ್ಥೋದ್ಭವ ಯಾವುದಕ್ಕೂ ಚ್ಯುತಿ ಬಂದಿಲ್ಲ. ಆದರೆ ದನಿ ಸಣ್ಣದಾದೀತೆಂಬ ಭಯವು ಹುಸಿಯೆಂದು ಹೇಳುವುದು ಕಷ್ಟ. ತನ್ನದೇ ವಿಧಾನಸಭೆಯಲ್ಲಿ ೨೪ ಪ್ರತಿನಿಧಿಗಳಿದ್ದ ನಾಡಿಗೆ, ೨೦೦೮ರ ಕ್ಷೇತ್ರ ವಿಂಗಡಣೆಯ ಬಳಿಕ ಕರ್ನಾಟಕದ ೨೨೪ ಸ್ಥಾನಗಳಲ್ಲಿ ಉಳಿದಿರುವುದು ಎರಡು: ಮಡಿಕೇರಿ ಮತ್ತು ವಿರಾಜಪೇಟೆ. ೨೦೧೧ರ ಜನಗಣತಿಯಂತೆ ಐದೂವರೆ ಲಕ್ಷ ಜನರಿರುವ ಕೊಡಗು, ಜನಸಂಖ್ಯೆಯಲ್ಲಿ ರಾಜ್ಯದ ಅತಿ ಚಿಕ್ಕ ಜಿಲ್ಲೆ. ೧೯೯೦ರ ದಶಕದಿಂದೀಚೆಗೆ ಪ್ರತ್ಯೇಕ ರಾಜ್ಯದ, ಸ್ವಾಯತ್ತತೆಯ ಕೂಗು ಆಗಾಗ ಕೇಳಿಬಂದುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಹಾಗಾದರೆ ಪೂಣಚ್ಚನವರ ನಿರ್ಣಯ ತಪ್ಪೆ? ಹಾಗೆನ್ನಲು ಬರುವುದಿಲ್ಲ. ಬೀಗದಕೈ ದಿಲ್ಲಿಯಲ್ಲಿದ್ದ ಆ ಪುಟ್ಟ ರಾಜ್ಯವು ಹಾಗೆಯೇ ಉಳಿಯುವ ಸಂಭವವೂ ಇರಲಿಲ್ಲ. ೧೯೫೬ರಲ್ಲಿ ‘ಸಿ’ ವರ್ಗದ ರಾಜ್ಯವೆಂಬುದೇ ರಾಜ್ಯಾಂಗದಿಂದ ಅಳಿದುಹೋಯಿತು. ಅಜ್ಮೀರ, ಭೋಪಾಲಗಳಿಗೂ ಅದೇ ಗತಿಯಾಯಿತು. ಕೊಡಗು ಹೋಗಲೇಬೇಕಾಗಿದ್ದರೆ, ನೂರಾರು ವರ್ಷಗಳಿಂದ ತಾನು ಬರೆಯುತ್ತ ಬಂದಿದ್ದ ಭಾಷೆಯ ಮನೆಗೆ ಹೋಗುವುದೇ ಸಹಜವಾಗಿತ್ತು. ಮುಖ್ಯಮಂತ್ರಿಗಳು ಅದನ್ನು ಮೊದಲೇ ಕಂಡರು, ಕಂಡುದನ್ನು ಚುನಾವಣೆಗೆ ಮೊದಲೇ ಬಾಯಿಬಿಟ್ಟು ಹೇಳಿದರು, ಹೇಳಿದಂತೆಯೇ ನಡೆದುಕೊಂಡರು.

ಆದರೆ ಕೊಡುವವನು ಮನಃಪೂರ್ವಕವಾಗಿ ಕೊಟ್ಟಾಗ ಪಡೆಯುವವನ ಹೊಣೆ ಹೆಚ್ಚುತ್ತದೆ. ಒಂದು ನಾಡು ತನ್ನ ವಿಧಾನಸಭೆಯನ್ನು, ಮಂತ್ರಿಮಂಡಲವನ್ನು, ತನ್ನ ಹೆಸರಿನ ರಾಜ್ಯವನ್ನು ಕರ್ನಾಟಕದ ಉಡಿಗೆ ಹಾಕಿದೆ. ಆ ದಾನದ ಬೆಲೆಯನ್ನು ತೂಗಬೇಕಾದ ತಕ್ಕಡಿಯು ಈಗ ಬೆಳ್ಯಪ್ಪನವರ ಕೈಯಲ್ಲಿಲ್ಲ, ಪೂಣಚ್ಚನವರ ಕೈಯಲ್ಲಿಯೂ ಇಲ್ಲ. ಮಡಿಕೇರಿಯ ಮಂಜನ್ನೂ ಕಾಫಿಯ ಪರಿಮಳವನ್ನೂ ಸವಿದು ಎರಡು ದಿನದಲ್ಲಿ ಹಿಂದಿರುಗುವ ಬಯಲುನಾಡಿನ ಕನ್ನಡಿಗರು ಅದನ್ನು ಒಮ್ಮೆ ಕೈಗೆತ್ತಿಕೊಳ್ಳುವುದು ಒಳ್ಳೆಯದು.